ಗಾಡಿ ಬರಲಿಲ್ಲ

ಊಟಕ್ಕೆ ಮೊದಲು ಕರೆಯುತ್ತೇವೆ ಎಂದಿದ್ದವರು ಊಟ ಮುಗಿದು, ಡಬ್ಬಿ ತೊಳೆದಿಟ್ಟು, ಎರಡನೇ ಚಹಾ ಬಂದರೂ ಕರೆದಿರಲಿಲ್ಲ. ಸಿಂದಗಿಯ ಆ ಪದವಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕಿಟಕಿ ಪಕ್ಕದ ತನ್ನ ಎಂದಿನ ಕುರ್ಚಿಯಲ್ಲಿ ಕೂತಿದ್ದ ಆನಂದತೀರ್ಥನಿಗೆ ಕಾಯುವುದಕ್ಕಿಂತ ಹೆಚ್ಚಾಗಿ, ತಾನು ಕಾಯುತ್ತಿರುವುದು ಎಲ್ಲರಿಗೂ ಕಾಣುತ್ತಿದೆಯಲ್ಲ ಎಂಬುದೇ ಹಿಂಸೆಯಾಗಿತ್ತು. ಇತಿಹಾಸದವರು ಪೇಪರಿನ ಮರೆಯಿಂದ ಒಮ್ಮೆ ಇಣುಕಿ ಮತ್ತೆ ಪೇಪರಿನೊಳಗೆ ಹೋದರು. ಜವಾನ ಮುರ್ತುಜಾಸಾಬ ಕಪ್ಪು ಇಡುತ್ತ, 'ಸಾಹೇಬ್ರ ಖೋಲ್ಯಾಗ ಇನ್ನೂ ಮಾತು ನಡದೈತ್ರಿ,' ಎಂದು ಕೇಳದಿದ್ದರೂ ಹೇಳಿ ಹೋದ. ಇಡೀ ಆಯುಷ್ಯ ಕನ್ನಡ ಕಲಿಸಿದವನನ್ನು ಕಂಪ್ಯೂಟರ್ ಪ್ರೋಗ್ರಾಮೊಂದರ ವಿಚಾರಣೆಗೆ ಸಾಕ್ಷಿಯೆಂದು ಕೂರಿಸುತ್ತಾರೆಂದರೆ ಜನ ನಗದೆ ಇನ್ನೇನು ಮಾಡುತ್ತಾರೆ. ಆದರೆ ಯಾರೂ ನಗುತ್ತಿರಲಿಲ್ಲ. ಅತ್ತ ಲ್ಯಾಬಿನಲ್ಲಿ ಸಂಘಮಿತ್ರಾ ಏನೂ ಆಗದವಳಂತೆ ಪಾಠ ಮಾಡುತ್ತಿದ್ದಳು. ಅವಳ ಅತಿಥಿ ಉಪನ್ಯಾಸಕಿಯ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದು ಸಂಜೆಯೊಳಗೆ ತೀರ್ಮಾನವಾಗಲಿತ್ತು. ಹೋದರೆ, ಅದು ಹೋಗುವುದು ಅವನು ಬರೆದ ಒಂದು ಪ್ರಬಂಧದಿಂದ.

ಥೂ, ಮೊದಲು ಖುಷಿಯೇ ಆಗಿತ್ತು! ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೊನ್ನೆ ವರಾಂಡದಲ್ಲಿ ಪ್ರಾಚಾರ್ಯ ಸುಜಯೀಂದ್ರ ಅವನ ಭುಜ ಹಿಡಿದು ನಿಲ್ಲಿಸಿ, 'ಆಚಾರ್ರ, ನಿಮ್ಮ ಪ್ರಬಂಧ ಓದಿದೆ. ಗೆರಿ ಹೊಡಕೋತ ಓದೀನಿ,' ಎಂದಾಗ ಅವನ ಎದೆ ನಿಜವಾಗಿಯೂ ಉಬ್ಬಿತ್ತು. ಅವನ ಪ್ರಬಂಧಗಳನ್ನು ಯಾರಾದರೂ ಓದುತ್ತಾರೆಂದು ಅವನಿಗೇ ನಂಬಿಕೆ ಇರಲಿಲ್ಲ. ಹಾಗೆ ನೋಡಿದರೆ ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವನು ಇಷ್ಟು ವರ್ಷ ಬರೆದುಕೊಂಡು ಬಂದಿದ್ದ. ಬಸವನ ಬಾಗೇವಾಡಿಯ ವಿಚಾರಸಂಕಿರಣದಲ್ಲಿ ಊಟದ ನಂತರದ ಗೋಷ್ಠಿಯಲ್ಲಿ ಅದನ್ನು ಓದಿದಾಗ ಮುಂದಿನ ಸಾಲಿನ ಹಿರಿಯರು ತೂಕಡಿಸುತ್ತಿದ್ದರು. ಹಿಂದಿನಿಂದ ಒಬ್ಬ ಹುಡುಗ ಎದ್ದು, ಇದು ನೆಟ್ ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿ ಕೂತಿದ್ದ. ಆಮೇಲೆ ಮುದ್ದೇಬಿಹಾಳದ ಗೆಳೆಯರೊಬ್ಬರು ಸಂಪುಟ ಮಾಡಿ ಅಚ್ಚು ಹಾಕಿಸಿ ಎಲ್ಲ ಕಾಲೇಜುಗಳಿಗೂ ಒಂದೊಂದು ಪ್ರತಿ ಕಳಿಸಿದ್ದರು. 'ಅಂತೂ ನೀವು ಬರದದ್ದನ್ನ ಒಬ್ಬರು ಓದಿದ್ರು ಅಂತಾತು,' ಎಂದು ಹೆಂಡತಿ ಶುಭಾ ಚಪಾತಿ ಲಟ್ಟಿಸುತ್ತಲೇ ಕಿಚಾಯಿಸಿದ್ದಳು. ಅವನೂ ನಕ್ಕಿದ್ದ. ಮರುದಿನ ಸುಜಯೀಂದ್ರ ಒಳಗೆ ಕರೆದು ಗೆರೆ ಹೊಡೆದ ಪುಟ ತಿರುಗಿಸಿ ತೋರಿಸಿದಾಗಲೇ ಆ ಓದು ಎಂಥದೆಂದು ತಿಳಿದದ್ದು.

ಪ್ರಬಂಧದ ಹೆಸರು 'ಸೋರ್ಸ್ ಕೋಡ್ ಎಂಬ ಪಠ್ಯ'. ಕಾಲೇಜಿನ ಹಾಜರಿ ಲೆಕ್ಕ ಹಾಕಲು ಸಂಘಮಿತ್ರಾ ಒಂದು ಪ್ರೋಗ್ರಾಮು ಬರೆದುಕೊಟ್ಟಿದ್ದಳು. ಹಾಜರಿ ಕಡಿಮೆ ಬಿದ್ದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ. ಯಾರಿಗುಂಟು ಯಾರಿಗಿಲ್ಲ ಎಂದು ಅದು ಹೇಳುತ್ತದೆ. ಅದು ಹೇಳಿದ್ದನ್ನು ಎಲ್ಲರೂ ನೋಡುತ್ತಿದ್ದರು, ಅದರೊಳಗೆ ಬರೆದದ್ದನ್ನು, ಅಂದರೆ ಅದರ ಸೋರ್ಸ್ ಕೋಡನ್ನು, ಯಾರೂ ನೋಡಿರಲಿಲ್ಲ. ಒಂದು ದಿನ ಲ್ಯಾಬಿನ ಮುಂದೆ ಹಾಯುವಾಗ ಅವಳ ಪರದೆಯ ಮೇಲೆ ಸಾಲುಗಳು ಒಂದು ಒಳಗೆ ಸರಿದು, ಇನ್ನೊಂದು ಹೊರಗೆ ಬಂದು, ನಡುವೆ ಖಾಲಿ ಬಿಟ್ಟು ನಿಂತದ್ದನ್ನು ಕಂಡು ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಇದನ್ನು ಒಬ್ಬರು ಬರೆದಿದ್ದಾರೆ, ಬರೆದದ್ದೆಂದ ಮೇಲೆ ಓದಬಹುದು, ಓದಬಹುದು ಎಂದ ಮೇಲೆ ಬರೆದವರ ಉಸಿರು ಇದರಲ್ಲಿ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಇಷ್ಟು ಯೋಚಿಸಿದ್ದೇ ತಡ, ಬಹಳ ದಿನಗಳಿಂದ ಪಾಠ ಮಾಡಿ ಮಾಡಿ ಬೂದಿ ಬಿದ್ದಿದ್ದ ಅವನ ಮನಸ್ಸು ಯಾಕೋ ಎದ್ದು ಕೂತಿತ್ತು. 'ನನಗೂ ಓದ್ಲಿಕ್ಕೆ ಕಲಸ್ತೀರೇನು?' ಎಂದು ಕೇಳಿದ. ಅವಳು ಬೆರಗಾಗಿ, 'ಕನ್ನಡದವರಿಗೆ ಇದ್ಯಾಕ ಬೇಕ್ರಿ ಸರ?' ಎಂದು ನಕ್ಕರೂ ಕುರ್ಚಿ ಎಳೆದು ಕೊಟ್ಟಿದ್ದಳು. ಸಂಜೆ ಕ್ಲಾಸು ಮುಗಿದ ಮೇಲೆ ಬಹಳ ದಿನ ಹಾಗೆ ಕೂತು ಓದಿದರು. ಅವನ ಅರ್ಧ ವಯಸ್ಸಿನವಳು, ಒಮ್ಮೆಯೂ ಬೇಸರ ತೋರಿಸಲಿಲ್ಲ.

ಆ ಸಾಲುಗಳ ನಡುವೆ, ಎಲ್ಲವೂ ಇಂಗ್ಲಿಷಿನಲ್ಲಿರುವಾಗ, ಒಂದು ಕಡೆ ಇಂಗ್ಲಿಷ್ ಅಕ್ಷರದಲ್ಲೇ ಬರೆದ ಕನ್ನಡ ಹೆಸರು ಸಿಕ್ಕಿತು. 'ಗಾಡಿ ಬರಲಿಲ್ಲ.' ಆ ಹೆಸರಿನ ಕೆಳಗೆ ಬರೆದದ್ದು ಇಷ್ಟೇ: ಯಾವುದೇ ದಿನ ಮೊದಲನೇ ತಾಸಿಗೆ ಒಂದು ಊರಿನ ಎಲ್ಲ ವಿದ್ಯಾರ್ಥಿಗಳೂ ಒಟ್ಟಿಗೇ ಗೈರಾಗಿದ್ದರೆ, ಆ ತಾಸನ್ನು ಅವರ ಲೆಕ್ಕಕ್ಕೆ ಹಿಡಿಯಬೇಡ. ಬೆಳಗಿನ ಬಸ್ಸು ಕೆಟ್ಟು ನಿಂತಿರುತ್ತದೆ, ಇಲ್ಲವೇ ತುಂಬಿ ಬಂದು ನಿಲ್ಲಿಸದೆ ಹೋಗಿರುತ್ತದೆ. ಒಬ್ಬರು ಬರದಿದ್ದರೆ ಸೋಮಾರಿತನ ಇರಬಹುದು, ಊರೇ ಬರದಿದ್ದರೆ ಗಾಡಿ ಬಂದಿಲ್ಲ. 'ಹೆಸರು ಯಾಕ ಹಿಂಗ ಇಟ್ರಿ?' ಎಂದು ಕೇಳಿದ್ದ. 'ಯಂತ್ರಕ್ಕ ಹೆಸರು ಏನಿದ್ರೂ ನಡೀತೈತ್ರಿ ಸರ. ಹೆಸರು ಮನಷ್ಯಾರಿಗೆ. ನಾಳೆ ನಾ ಇಲ್ಲದಾಗ ಯಾರರೆ ಇದನ್ನ ತಗದು ನೋಡಿದ್ರ ತಿಳಿಬೇಕಲ್ರಿ?' ಆ ಮಾತು ಅವನನ್ನು ಹಿಡಿದುಬಿಟ್ಟಿತು. ಕಾಣದ ಓದುಗನೊಬ್ಬನಿಗೆ ಬರೆದ ಮಾತು. ಆ ಓದುಗ ತಾನೇ ಎಂದು ಅವನು ಒಳಗೊಳಗೇ ಬೀಗಿದ. ಯಾವ ಪಠ್ಯಕ್ಕೂ ಓದುವವರಷ್ಟೇ ಅರ್ಥಗಳಿರುತ್ತವೆ ಎಂದು ತರಗತಿಯಲ್ಲಿ ಹೇಳುವುದನ್ನೇ ಅವಳಿಗೂ ಹೇಳಿದ. ಅವಳು ತಲೆಯಾಡಿಸಿ, 'ಇದಕ್ಕ ಹಂಗ ನಡ್ಯಂಗಿಲ್ರಿ. ಎರಡು ಅರ್ಥ ಇದ್ರ ಇದು ಓಡಂಗ ಇಲ್ಲ,' ಎಂದಳು. 'ಅದು ಯಂತ್ರದ ಬಡತನ,' ಎಂದಿದ್ದ ಅವನು, ಆ ಮಾತು ತನಗೇ ಇಷ್ಟವಾಗಿ ಪ್ರಬಂಧದಲ್ಲೂ ಹಾಕಿಕೊಂಡಿದ್ದ.

'ಇಲ್ಲಿ ಗೈರುಹಾಜರಿ ಎಂಬುದು ವಿದ್ಯಾರ್ಥಿಯ ಗುಣವಲ್ಲ, ರಸ್ತೆಯ ಗುಣ' ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆದರೆ ಬರೆಯುವ ಸುಖ ಹಾಳು ಸುಖ, ಒಂದು ಸಾಲು ಚೆನ್ನಾಗಿ ಬಂದರೆ ಇನ್ನೊಂದು ಸಾಲಿಗೆ ಕೈ ತುರಿಸುತ್ತದೆ. 'ಯಂಕಂಚಿಯ ಬಸ್ ಸ್ಟಾಪಿನಲ್ಲಿ ಕಾದು ಬೆಳೆದ ದಲಿತ ಹುಡುಗಿಯೊಬ್ಬಳು ನಿಯಮದ ಹೊಟ್ಟೆಯೊಳಗೆ ಗುಟ್ಟಾಗಿ ತನ್ನ ಊರನ್ನು ಬಚ್ಚಿಟ್ಟಿದ್ದಾಳೆ.' ಅದನ್ನು ಬರೆದ ದಿನ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದಿದ್ದ, ಅಷ್ಟು ಹಿಗ್ಗು. ಸುಜಯೀಂದ್ರ ಗೆರೆ ಹೊಡೆದದ್ದು ಆ ಸಾಲಿಗೇ. 'ಗುಟ್ಟಾಗಿ' ಎಂಬಲ್ಲಿ ಪೆನ್ನು ಒತ್ತಿ ಕಾಗದವೇ ಹರಿದಿತ್ತು. ಈಗ ಯೋಚಿಸಿದರೆ ಅದರಲ್ಲಿ ಗುಟ್ಟು ಎಲ್ಲಿತ್ತು? ಓದಬಂದವರಿಗೆ ಕಾಣಲಿ ಎಂದೇ ಹೆಸರು ಬರೆದಿಟ್ಟಿದ್ದಳಲ್ಲ. ಯಂಕಂಚಿ ಎಲ್ಲಿತ್ತು? ಪ್ರೋಗ್ರಾಮಿನ ಯಾವ ಮೂಲೆಯಲ್ಲೂ ಯಾವ ಊರಿನ ಹೆಸರೂ ಇಲ್ಲ. ಅದಕ್ಕೆ ಎಲ್ಲ ಊರೂ ಒಂದೇ. ಯಂಕಂಚಿಯನ್ನು ತಂದು ಹಾಕಿದವನು ಅವನು. ಒಮ್ಮೆ ಚಹಾ ಕುಡಿಯುವಾಗ, ತಾನು ಓದುವ ಕಾಲಕ್ಕೆ ಬಸ್ಸಿಗೆ ಕಾದದ್ದನ್ನು ಅವಳು ಸುಮ್ಮನೆ ಹೇಳಿಕೊಂಡಿದ್ದಳು. ಅವಳ ಅಪ್ಪ ಭೀಮಶ್ಯಾ ಹೊಲದಿಂದ ಬಂದು ಅವಳೊಂದಿಗೆ ನಿಂತು, ಬಸ್ಸು ಬಾರದಿದ್ದರೆ ಡ್ರೈವರನ ಬದಲು ಮಗಳನ್ನೇ ಬೈಯುತ್ತಿದ್ದನಂತೆ. ಆ ಮಾತನ್ನು ಇವನು ಎತ್ತಿಕೊಂಡು ಹೋಗಿ ಅಡಿಟಿಪ್ಪಣಿ ಮಾಡಿದ್ದ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಕೇಳಬೇಕೆಂದು ಅನ್ನಿಸಿಯೂ ಇರಲಿಲ್ಲ. ಅವನು ಈವರೆಗೆ ಯಾರ ಬಗ್ಗೆ ಬರೆದಿದ್ದನೋ ಆ ಲೇಖಕರೆಲ್ಲ ತೀರಿಹೋದವರೇ ಆಗಿದ್ದರು.

'ಸರ, ಸ್ವಲ್ಪ ಹೊರಗ ಬರ್ರಿ,' ಎಂದು ಸಂಘಮಿತ್ರಾ ಬಾಗಿಲಲ್ಲಿ ನಿಂತಿದ್ದಳು. ಕೈಗೆ ಇನ್ನೂ ಸೀಮೆಸುಣ್ಣ ಮೆತ್ತಿತ್ತು. ನೀರಿನ ನಳದ ಹತ್ತಿರ ಬೇವಿನ ನೆರಳಿಗೆ ಹೋಗಿ ನಿಂತರು. ಅವನು ಏನಾದರೂ ಹೇಳಬೇಕೆಂದು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವಳೇ ಹೇಳಿದಳು:

'ಒಂದ ಸಲ ನನಗ ತೋರಿಸಿ ಅಚ್ಚ ಹಾಕಸಬೇಕಿತ್ರಿ.'

'ತಪ್ಪಾತು.'

'ಆತು ಬಿಡ್ರಿ. ಈಗ ನನ್ನ ಚಿಂತಿ ಅದಲ್ಲ. ಹಾಲ್ ಟಿಕೆಟ್ಟಿನ ಪಟ್ಟಿ ಇವತ್ತ ಸಂಜೀಕ ಕಳಸಬೇಕು. ಆ ಸಾಲು ತಗದ್ರಂದ್ರ ಹಳ್ಳಿ ಹುಡುಗ್ಯಾರು ಭಾಳ ಮಂದಿ ಬೀಳ್ತಾರ. ಬಿ.ಎ. ಕಡೀ ವರ್ಷದ ಗುರವ್ವ ಅದಾಳಲ್ರಿ, ಆಕೀದು ಯಂಕಂಚಿ ಅಲ್ಲ, ಆಕೀನೂ ಬೀಳ್ತಾಳ. ಒಂದು ವರ್ಷ ಹ್ವಾತಂದ್ರ ಮನ್ಯಾಗ ಮತ್ತ ಕಳಸಂಗಿಲ್ರಿ.'

'ನೀವು ಹೆದರಬ್ಯಾಡ್ರಿ. ನಾ ಎಲ್ಲಾ ಸರಿ ಮಾಡ್ತೀನಿ,' ಎಂದ ಆನಂದತೀರ್ಥ. ಹೇಳಿದ ಮೇಲೆ ತನ್ನ ದನಿಯೇ ತನಗೆ ಅಸಹ್ಯವಾಯಿತು, ಮದುವೆ ಮನೆಯ ಹಿರಿಯನಂತೆ.

'ಏನ್ ಸರಿ ಮಾಡ್ತೀರಿ?' ಎಂದು ಅವಳು ನೇರವಾಗಿ ನೋಡಿದಳು. ಅಷ್ಟರಲ್ಲಿ ಮುರ್ತುಜಾಸಾಬ ವರಾಂಡದಿಂದ ಇಬ್ಬರನ್ನೂ ಕೈ ಬೀಸಿ ಕರೆದ.

ಪ್ರಾಚಾರ್ಯರ ಕೋಣೆಯಲ್ಲಿ ಸುಜಯೀಂದ್ರನ ಪಕ್ಕ ಸಂಸ್ಥೆಯ ಕಾರ್ಯದರ್ಶಿಗಳು ಕೂತಿದ್ದರು. ಹೂವಿನ ಹಿಪ್ಪರಗಿಯ ಕಡೆಯವರು, ಮಾತಿಗೆ ಮೊದಲು ಮೊಬೈಲು ನೋಡುವ ರೂಢಿ. ಮೇಜಿನ ಮೇಲೆ ಪ್ರಬಂಧದ ಸಂಪುಟ, ಅದರ ಪಕ್ಕ ಪ್ರೋಗ್ರಾಮಿನ ಸಾಲುಗಳ ಪ್ರಿಂಟು. 'ಬರ್ರಿ ಆಚಾರ್ರ, ಕೂಡ್ರಿ,' ಎಂದು ಸುಜಯೀಂದ್ರ ಕುರ್ಚಿ ತೋರಿಸಿದ. ಸಂಘಮಿತ್ರಾಗೆ ತೋರಿಸಲಿಲ್ಲ. ಇನ್ನೊಂದು ಕುರ್ಚಿ ಗೋಡೆಗೆ ಆನಿಕೊಂಡು ಖಾಲಿಯೇ ಇತ್ತು. ಅವರೂ ಕೂಡಲಿ ಎಂದು ಹೇಳಬೇಕೆಂದು ಆನಂದತೀರ್ಥನ ನಾಲಿಗೆ ತುದಿಗೆ ಬಂತು. ಹೇಳಿದರೆ ಸುಜಯೀಂದ್ರನಿಗೆ ಸಿಟ್ಟು ಬಂದು ಮುಂದಿನದು ಕೆಡಬಹುದು ಎಂದು ಅದೇ ನಾಲಿಗೆ ಲೆಕ್ಕ ಹಾಕಿ ಸುಮ್ಮನಾಯಿತು. ಅವನು ಕೂತ, ಅವಳು ನಿಂತಳು. ಇಂಥ ಚಿಕ್ಕ ಚಿಕ್ಕ ಜಾಣತನಗಳಿಂದಲೇ ತನ್ನ ಆಯುಷ್ಯ ಇಷ್ಟು ಸುಸೂತ್ರವಾಗಿ ಸವೆದದ್ದು ಎಂದು ಅವನಿಗೆ ದಣಿವಾಯಿತು.

'ನೋಡ್ರಿ,' ಎಂದ ಸುಜಯೀಂದ್ರ, 'ಕಂಪ್ಯೂಟರದವರು ಇನ್ನೊಬ್ಬರು ಇದ್ರು, ಬಿಟ್ಟು ಹೋದ್ರು. ಇದನ್ನ ಓದ್ಲಿಕ್ಕೆ ಬರೋರು ಈಗ ಕಾಲೇಜಿನ್ಯಾಗ ಇಬ್ಬರ. ಒಬ್ಬರು ಬರದವರು, ಒಬ್ಬರು ನೀವು. ಈ ಬಾಯಾರು ತಮ್ಮ ಊರಿನವರಿಗೆ, ತಮ್ಮ ಮಂದಿಗೆ ಹಾಜರಿ ಕೊಟ್ಟಾರ ಅಂತ ನೀವ ಬರದೀರಿ. ನಾಳೆ ವಿಶ್ವವಿದ್ಯಾಲಯದವರು ಕೇಳಿದ್ರ ನನ್ನ ಮಾನ ಹೋಗ್ತದ. ನೀವು ನಮ್ಮವರು. ಖರೇ ಏನದ ಹೇಳಿಬಿಡ್ರಿ.'

ನಮ್ಮವರು ಎಂಬ ಮಾತು ಕೋಣೆಯಲ್ಲಿ ಕೆಟ್ಟ ವಾಸನೆಯಂತೆ ನಿಂತಿತು. ಸಂಘಮಿತ್ರಾಳ ಮುಖವನ್ನು ನೋಡಲು ಆನಂದತೀರ್ಥನಿಗೆ ಧೈರ್ಯ ಸಾಲಲಿಲ್ಲ. ರಾತ್ರಿಯೆಲ್ಲ ಹೊರಳಾಡಿ ಜೋಡಿಸಿಕೊಂಡಿದ್ದ ಮಾತನ್ನೇ ಅವನು ಗಟ್ಟಿಯಾಗಿ ಹೇಳಿದ.

'ಅಂಥಾದ್ದು ಏನೂ ಇಲ್ರಿ ಇದರಾಗ. ಬರೇ ಹೆಸರದ. ಪ್ರೋಗ್ರಾಮು ಈ ಸಾಲನ್ನ ಬಳಸೂದ ಇಲ್ಲ, ಬರದು ಹಂಗ ಬಿಟ್ಟದ್ದು. ನಾವು ಸಾಹಿತ್ಯದವರು, ಇಲ್ಲದ್ದನ್ನೂ ಕಾಣ್ತೀವಿ. ಒಂದು ಪಠ್ಯಕ್ಕ ಹತ್ತು ಅರ್ಥ ಹಚ್ತೀವಿ. ನಾ ಬರದದ್ದು ಅಲಂಕಾರ.'

ಕಾರ್ಯದರ್ಶಿಗಳು ಮೊಬೈಲಿನಿಂದ ತಲೆ ಎತ್ತಿದರು. 'ಅಂದ್ರ ಇದು ಕವಿತಾ ಇದ್ದಂಗ ಅನ್ರಿ?'

'ಹೌದ್ರಿ, ಹಂಗಂದ್ರೂ ನಡೀತದ.'

'ಏ ಮಾಸ್ತರ! ನೀವೂ ಕವಿತಾ, ಈಕೀನೂ ಕವಿತಾ, ನಡುವ ಪ್ರಿನ್ಸಿಪಾಲರಿಗೆ ಬಿ.ಪಿ.!' ಎಂದು ಅವರು ಹೊಟ್ಟೆ ಕುಣಿಸಿ ನಕ್ಕರು. ಸುಜಯೀಂದ್ರನೂ ಹಣೆ ಒರೆಸಿಕೊಂಡು ನಕ್ಕ. ಗೆದ್ದೆ ಎಂದು ಆನಂದತೀರ್ಥನಿಗೆ ಅನ್ನಿಸಿತು. ಎಷ್ಟು ಸುಲಭವಾಗಿ ಮುಗಿಯಿತು! ಗೈರುಹಾಜರಿ ರಸ್ತೆಯ ಗುಣ ಎಂಬ, ತಾನು ಬದುಕಿನಲ್ಲಿ ಬರೆದ ಒಂದೇ ಒಂದು ನಿಜವಾದ ಸಾಲನ್ನು ಸುಳ್ಳೆಂದು ಒಪ್ಪಿಕೊಂಡರೆ ಸಾಕಾಗಿತ್ತು.

'ಹಂಗಾದ್ರ ಮುಗೀತಲ್ಲ,' ಎಂದ ಸುಜಯೀಂದ್ರ, ಸಂಘಮಿತ್ರಾಳತ್ತ ತಿರುಗಿ. 'ಉಪಯೋಗ ಇಲ್ಲದ ಸಾಲು ಯಾಕ ಇರಬೇಕು? ಹೋಗಿ ಅಳಿಸಿ ಬರ್ರಿ. ಆಮ್ಯಾಲೆ ಆಫೀಸಿನ ಇಂದುಬಾಯಿ ಪಟ್ಟಿ ತಗೀತಾರ. ನಿಮ್ಮ ಕೆಲಸಕ್ಕೂ ಏನೂ ತೊಂದ್ರಿ ಇಲ್ಲ.'

ಇದನ್ನು ಅವನು ಯೋಚಿಸಿರಲಿಲ್ಲ. ರಾತ್ರಿಯೆಲ್ಲ ಅಷ್ಟು ಜಾಣತನದಿಂದ ಹೆಣೆದವನಿಗೆ, ಏನೂ ಮಾಡದ ಸಾಲನ್ನು ತೆಗೆದುಹಾಕು ಎಂದು ಯಾರಾದರೂ ಹೇಳಬಹುದೆಂಬ ಚಿಕ್ಕ ಸಂಗತಿ ಹೊಳೆದೇ ಇರಲಿಲ್ಲ. ಅಯ್ಯೋ ದೇವರೇ. ಈಗ ಅವಳು ಹೋಗಿ ಅಳಿಸಿದರೆ ಅವಳ ಕೆಲಸ ಉಳಿಯುತ್ತದೆ, ಗುರವ್ವ ಬೀಳುತ್ತಾಳೆ. ಅಳಿಸಲಿ ಎಂದು ಅವನ ಒಳಗಿನ ಯಾವುದೋ ಮೂಲೆ ಬೇಡಿಕೊಳ್ಳುತ್ತಿತ್ತು. ಅಳಿಸಿದರೆ ತಾನೂ ಉಳಿಯುತ್ತೇನೆ, ಮನೆಗೆ ಹೋಗಿ ಉಂಡು ಮಲಗಬಹುದು, ಮುಂದಿನ ವರ್ಷ ಯಾರಿಗೂ ಇದು ನೆನಪಿರುವುದಿಲ್ಲ. ಸಂಘಮಿತ್ರಾ ಕೈಗಳನ್ನು ಒಂದಕ್ಕೊಂದು ತಿಕ್ಕಿ ಸೀಮೆಸುಣ್ಣ ಉದುರಿಸಿದಳು.

'ಆ ಸಾಲು ಕೆಲಸ ಮಾಡತೈತ್ರಿ,' ಎಂದಳು. 'ಹಾಕಿದ ದಿನದಿಂದ ದಿನಾ ಮಾಡಾಕತ್ತೈತಿ.'

'ಆಚಾರ್ರು ಕವಿತಾ ಅಂತಾರಲ್ಲ?' ಎಂದ ಸುಜಯೀಂದ್ರ.

'ಕವಿತಾ ಅಲ್ರಿ ಅದು. ಗಾಡಿ ಬರಲಿಲ್ಲಂದ್ರ ಬರಲಿಲ್ಲ, ಅಷ್ಟ. ಅದಕ್ಕ ಬ್ಯಾರೆ ಅರ್ಥ ಇಲ್ಲ. ನಾ ಬರದೇನಿ, ನನಗ ಗೊತ್ತೈತಿ.'

'ನಿಮ್ಮ ಊರಿನವರ ಸಲುವಾಗಿ.'

'ಅದರಾಗ ಯಾ ಊರಿನ ಹೆಸರೂ ಇಲ್ರಿ. ಕಾರ್ಯದರ್ಶಿ ಸಾಹೇಬ್ರ ಊರಿನವರು ಒಟ್ಟಿಗೆ ತಪ್ಪಿಸಿದ್ರೂ ಅದು ಹಂಗ ಮಾಡತೈತಿ.' ಅವಳು ಆನಂದತೀರ್ಥನತ್ತ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಂಜೆಯ ಪಾಠಗಳಲ್ಲಿ ಕೇಳುತ್ತಿದ್ದಂತೆಯೇ ಕೇಳಿದಳು. 'ಸರ, ನೀವು ಓದೀರಿ. ಊರಿನ ಹೆಸರು ಐತೇನ್ರಿ?'

'ಇಲ್ಲ,' ಎಂದ ಅವನು. 'ಯಂಕಂಚಿ ಅಂತ ಹಾಕಿದಾಂವ ನಾನು. ಗುಟ್ಟು ಅಂತ ಬರದಾಂವನೂ ನಾನ. ಅವರದು ಏನೂ ತಪ್ಪಿಲ್ಲ.'

'ಮತ್ತ ಸಾಲು? ಅದು ಕೆಲಸಾ ಮಾಡ್ತದೋ ಇಲ್ಲೋ?'

'ಮಾಡ್ತದ.'

'ಈಗ ಇಲ್ಲಂದ್ರಿ, ಈಗ ಮಾಡ್ತದಂತೀರಿ. ಶಭಾಷ್!' ಸುಜಯೀಂದ್ರ ಪೆನ್ನನ್ನು ಮೇಜಿನ ಮೇಲೆ ಒಗೆದ. 'ಅಲ್ರಿ ಬಾಯಾರ, ನಿಯಮ ಬದಲಿ ಮಾಡ್ಲಿಕ್ಕೆ ನೀವು ಯಾರು? ಆಚಾರ್ರದು ಹುಚ್ಚು, ಬಿಡ್ರಿ. ನೀವು ಸುಮ್ನ ಹೋಗಿ ಅಳಸ್ರಿ. ಕೆಲಸ ಉಳಿಸ್ಕೋರಿ.'

'ನಾ ಅಳಸಂಗಿಲ್ರಿ.'

'ಅಳಸಂಗಿಲ್ಲಂದ್ರ ಲ್ಯಾಬಿನ ಕೀಲಿ ಇಟ್ಟು ಹೋಗ್ರಿ. ನಾಳಿಂದ ಬರೂದು ಬ್ಯಾಡ.'

ಅವಳು ವ್ಯಾನಿಟಿ ಬ್ಯಾಗಿನ ಒಳಗೆ ಬಹಳ ಹೊತ್ತು ತಡಕಾಡಿದಳು. ಕೀಲಿ ಬೇಗ ಸಿಗಲಿಲ್ಲ, ಕರವಸ್ತ್ರ ಬಿತ್ತು, ಬಗ್ಗಿ ಎತ್ತಿಕೊಂಡಳು. ಸಹಾಯಕ್ಕೆಂದು ಆನಂದತೀರ್ಥ ಅರ್ಧ ಎದ್ದು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ. ಕೀಲಿಯನ್ನು ಮೇಜಿನ ಅಂಚಿಗೆ ಇಟ್ಟು ಅವಳು, ಬೇರೆ ಯಾರೂ ಅಲ್ಲಿ ಇಲ್ಲದಂತೆ, ಅವನಿಗೇ ಹೇಳಿದಳು: 'ನೀವು ಚೊಲೋ ಓದಿದ್ರಿ ಸರ. ಊರಿಂದೊಂದು ಬಿಟ್ರ, ಉಳಿದದ್ದೆಲ್ಲಾ ಖರೇ ಬರದಿದ್ರಿ. ಅದನ್ನ ಅಲಂಕಾರ ಅನಬಾರದಿತ್ತು.' ಹೇಳಿ ಬಾಗಿಲ ಕಡೆ ನಡೆದಳು. ಅವನ ಬರಹಕ್ಕೆ ಈ ಜನ್ಮದಲ್ಲಿ ಸಿಕ್ಕ ಮೊದಲ ಮೆಚ್ಚುಗೆ ಅದು. ಅವನು ಮೇಜಿನ ಮೇಲಿನ ಗಾಜನ್ನೇ ನೋಡುತ್ತ ಕೂತ.

ಸುಜಯೀಂದ್ರ ಕೀಲಿಯನ್ನು ಎತ್ತಿ ಅವನ ಮುಂದೆ ಸರಿಸಿದ. 'ನಡೀರಿ ಆಚಾರ್ರ. ಎಷ್ಟನೇ ಸಾಲು ಅಂತ ನಿಮಗ ಗೊತ್ತದ. ಅಳಿಸಿ ಬರ್ರಿ, ಸಂಜೀಕ ಪಟ್ಟಿ ಹೋಗಬೇಕು.'

ಅಳಿಸುವುದು ಎಷ್ಟು ಸುಲಭ ಎಂದು ಅವನಿಗೆ ಗೊತ್ತಿತ್ತು. ಅವಳೇ ಕಲಿಸಿದ್ದಳು: ಮೌಸಿನಿಂದ ಸಾಲುಗಳನ್ನು ಎಳೆದು ನೀಲಿ ಮಾಡಿ ಒಂದು ಗುಂಡಿ ಒತ್ತಿದರೆ ಮುಗಿಯಿತು, ಸಣ್ಣ ಮಕ್ಕಳೂ ಮಾಡುತ್ತಾರೆ. ಸಂಘಮಿತ್ರಾ ಬಾಗಿಲ ಪರದೆ ಹಿಡಿದು ನಿಂತುಬಿಟ್ಟಿದ್ದಳು. ತಿರುಗಿ ನೋಡಲಿಲ್ಲ, ಮುಂದೆಯೂ ಹೋಗಲಿಲ್ಲ. ಆನಂದತೀರ್ಥ ಕೀಲಿಯನ್ನು ಮುಟ್ಟಲಿಲ್ಲ.

'ನನಗ ಓದ್ಲಿಕ್ಕೆ ಅಷ್ಟ ಬರ್ತದ್ರಿ,' ಎಂದ. 'ಬರೀಲಿಕ್ಕೆ ಬರೂದಿಲ್ಲ.'

'ಬರೀರಿ ಅಂತ ಯಾರಂದ್ರು? ಅಳಸ್ರಿ ಅಂದೆ.'

'ಅಳಸ್ಲಿಕ್ಕೂ ಬರೂದಿಲ್ರಿ. ಹೆಚ್ಚುಕಮ್ಮಿ ಆದ್ರ ಎಲ್ಲಾ ನಿಂತು ಹೋಗ್ತದ, ಪಟ್ಟೀನ ಬರೂದಿಲ್ಲ. ನನ್ನ ಕೈಲೆ ಆಗೂದಿಲ್ಲ.'

ಸುಜಯೀಂದ್ರ ಅವನ ಮುಖವನ್ನು ನಂಬದೆ ನೋಡಿದ. ಗಡಿಯಾರ ನೋಡಿದ. ಕೊನೆಗೆ ಬಾಗಿಲಾಚೆ ಕೂತಿದ್ದ ಇಂದುಬಾಯಿಗೆ, ಇದ್ದದ್ದು ಇದ್ದಂಗೆ ಪಟ್ಟಿ ತೆಗೆಯಿರಿ, ಈ ವರ್ಷದ್ದು ಹೋಗಲಿ ಎಂದು ಕೂಗಿ ಹೇಳಿದ. ಪರದೆ ಅಲುಗಿತು, ಸಂಘಮಿತ್ರಾಳ ಚಪ್ಪಲಿಯ ಸಪ್ಪಳ ವರಾಂಡದಲ್ಲಿ ದೂರವಾಯಿತು.

'ಇಷ್ಟು ದಿನಾ ಆಕೀ ಮುಂದ ಕೂತು ಏನು ಕಲ್ತ್ರಿ ಮತ್ತ?' ಎಂದ ಸುಜಯೀಂದ್ರ.

'ಮಾಸ್ತರ, ಒಂದು ಸಾಲಿನ ಮ್ಯಾಲ ಇಪ್ಪತ್ತು ಪೇಜು ಬರೀತೀರಿ, ಆ ಸಾಲು ಅಳಸಾಕ ಬರಂಗಿಲ್ಲ!' ಎಂದು ಕಾರ್ಯದರ್ಶಿಗಳು ಮತ್ತೆ ನಗಲು ಶುರುಮಾಡಿದರು. ಸುಜಯೀಂದ್ರನೂ ಸೋತವನಂತೆ ನಕ್ಕ. ಹೊರಗೆ ಪ್ರಿಂಟರು ಕರ್ರೆಂದು ಒಂದೊಂದೇ ಹಾಳೆ ಎಳೆದುಕೊಳ್ಳತೊಡಗಿತು. ಆನಂದತೀರ್ಥನೂ ಅವರೊಡನೆ ನಕ್ಕ. ಗುರವ್ವನ ಹೆಸರಿನ ಹಾಳೆ ಹೊರಬಿದ್ದು, ಇಂದುಬಾಯಿ ಸಹಿಗೆಂದು ತಂದು ಮೇಜಿನ ಮೇಲಿಟ್ಟು, ಸುಜಯೀಂದ್ರ ಓದದೆ ಸಹಿ ಹಾಕುವವರೆಗೂ ಅವನು ನಗುವುದನ್ನು ನಿಲ್ಲಿಸಲಿಲ್ಲ.